ಚೆಂಡೆ ಬಿದ್ದ ಕೂಡಲೇ ವ್ಯಾನಿನ ಇನ್ವರ್ಟರ್ ಕೂಗಿ ಆಫ್ ಆಗುತ್ತದೆ (ಬ್ಯಾಟರಿ ಹೊಸದು)

ಬದಿಯಡ್ಕ ಮೈಕ್‌ಸೆಟ್:
ನಮಸ್ಕಾರ. ನನ್ನದು ಸಣ್ಣ ಮೈಕ್‌ಸೆಟ್. ತಾಳಮದ್ದಳೆ, ಭಜನೆ, ಜಾತ್ರೆಯ ಅನೌನ್ಸ್‌ಮೆಂಟ್, ಇಷ್ಟೇ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ. ಅದಕ್ಕೆ ವ್ಯಾನಿಗೆ 1000 ವಾಟಿನ ಇನ್ವರ್ಟರ್ ಹಾಕಿಸಿದೆ. 12 ವೋಲ್ಟ್ ಗಾಡಿ. ಇನ್ವರ್ಟರ್ ಹಿಂದೆ ಸ್ಪೀಕರ್ ಇಡುವ ಜಾಗದಲ್ಲಿದೆ, ಬ್ಯಾಟರಿಯಿಂದ ಅಲ್ಲಿಗೆ ಮೂರು ಮೀಟರ್ ವೈರು.

ಲೋಡ್: ಆಂಪ್ಲಿಫೈಯರ್, 50 ವಾಟಿನ ಎಲ್‌ಇಡಿ ಫ್ಲಡ್‌ಲೈಟ್ ಎರಡು, ಲ್ಯಾಪ್‌ಟಾಪ್. ಮನೆ ಅಂಗಳದಲ್ಲಿ ನೋಡಿದಾಗ ಎಲ್ಲ ಸರಿ ಇತ್ತು. ಮೊನ್ನೆ ತಾಳಮದ್ದಳೆಯಲ್ಲಿ ಕರೆಂಟು ಹೋಯಿತು. ಅರ್ಥ ಹೇಳುವಾಗ ಏನೂ ತೊಂದರೆಯಿಲ್ಲ. ಭಾಗವತರು ಪದ ಎತ್ತಿ ಚೆಂಡೆಗೆ ಪೆಟ್ಟು ಬಿದ್ದ ಕೂಡಲೇ ಇನ್ವರ್ಟರ್ ಬೀಪ್ ಬೀಪ್. ನಾಲ್ಕನೇ ಸಲಕ್ಕೆ ಪೂರ್ತಿ ಆಫ್. ಎಂಜಿನ್ ಸ್ಟಾರ್ಟ್ ಮಾಡಿಟ್ಟರೂ ಸ್ವಲ್ಪ ಹೊತ್ತಿಗೆ ಅದೇ ಹಣೆಬರಹ. ಕರ್ಣನ ಪಾತ್ರಧಾರಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಅಂಗಡಿಯವರು ಗಾಡಿಯ ಬಾನೆಟ್ ಕೂಡ ತೆಗೆದು ನೋಡಲಿಲ್ಲ, ‘ಬ್ಯಾಟರಿ ಪೋಯಿ’ ಅಂದರು. ಹೊಸ 60 ಎಎಚ್ (ಆಂಪ್-ಅವರ್) ಬ್ಯಾಟರಿ ತಂದು ಹಾಕಿದೆ. ಫಲ ಶೂನ್ಯ. ಈಗ ಅವರೇ ಇನ್ವರ್ಟರ್ ಬದಲಿಸಿ ಅನ್ನುತ್ತಿದ್ದಾರೆ. ಬದಲಿಸಬೇಕಾ? ಇನ್ನೊಂದು: ಇನ್ವರ್ಟರಿನಲ್ಲಿ ಓಡುವಾಗ ಸ್ಪೀಕರಿನಲ್ಲಿ ‘ಗುಂಯ್’ ಅಂತ ಜೇನುನೊಣದ ಸದ್ದು.

ಉಪ್ಪಳದ ವೈರ್‌ಮ್ಯಾನ್:
ಇನ್ನು ಒಂದು ರೂಪಾಯಿ ಖರ್ಚು ಮಾಡಬೇಡಿ ಮಾರಾಯ್ರೆ. ಚೆಂಡೆ ಪೆಟ್ಟಿಗೇ ಕೂಗುತ್ತದೆ ಅಂತ ನೀವೇ ಹೇಳಿದಿರಿ. ಉತ್ತರ ಅದರಲ್ಲೇ ಉಂಟು. ಪೆಟ್ಟು ಬಿದ್ದಾಗ ಆಂಪ್ಲಿಫೈಯರ್ ಒಮ್ಮೆಲೇ ಜಾಸ್ತಿ ಎಳೆಯುತ್ತದೆ, ಆಗ ಇನ್ವರ್ಟರಿಗೆ ಸಿಗುವ ವೋಲ್ಟೇಜ್ ಕುಸಿಯುತ್ತದೆ. ಸಾಮಾನ್ಯವಾಗಿ 10.5ರ ಆಸುಪಾಸಿನಲ್ಲಿ ಬೀಪ್, 10ರ ಹತ್ತಿರ ಕಟ್.

ಅದು ಬ್ಯಾಟರಿಯಲ್ಲೇ ಕುಸಿಯುತ್ತದಾ, ದಾರಿಯಲ್ಲಿ ಕುಸಿಯುತ್ತದಾ? ಮೀಟರ್ ಇಟ್ಟು ನೋಡಿ. ಚೆಂಡೆ ಪೆಟ್ಟಿಗೆ ಮೀಟರಿನ ಅಂಕಿ ನಿಲ್ಲುವುದಿಲ್ಲ. ಅಟ್ಟದಲ್ಲಿ 100 ವಾಟಿನ ಹಳೆ ಹಳದಿ ಬಲ್ಬು ನಾಲ್ಕು ಇದ್ದರೆ ಅವನ್ನೇ ಹಾಕಿ. ಬಲ್ಬು ಉರಿಯುತ್ತಿರುವಾಗ ಬ್ಯಾಟರಿಯ ಕಂಬದ ಮೇಲೆ ಒಂದು ಸಲ, ಇನ್ವರ್ಟರಿನ ಸ್ಕ್ರೂ ಮೇಲೆ ಒಂದು ಸಲ ನೋಡಿ. ಲೋಡ್ ಇಲ್ಲದೆ ನೋಡಿದರೆ ಎಲ್ಲ ಕಡೆ 12.6 ತೋರಿಸಿ ನಿಮ್ಮನ್ನು ಮಂಗ ಮಾಡುತ್ತದೆ.

ವೈರು ಎಷ್ಟು ದಪ್ಪ? ಮೈನಸ್ ಎಲ್ಲಿಂದ ತೆಗೆದಿದ್ದೀರಿ?

ಬದಿಯಡ್ಕ ಮೈಕ್‌ಸೆಟ್:
ವೈರು 4 ಸ್ಕ್ವೇರ್ ಎಂಎಂ, ಮನೆ ವೈರಿಂಗಿನಲ್ಲಿ ಉಳಿದದ್ದು. ಮೈನಸ್ ಹಿಂದೆ ಬಾಡಿಯ ಬೋಲ್ಟಿಗೆ ಕಟ್ಟಿದ್ದು.

ನಾಲ್ಕು ಬಲ್ಬು ಹಾಕಿ ನೋಡಿದೆ, ಎಂಜಿನ್ ಆಫ್. ಬ್ಯಾಟರಿಯಲ್ಲಿ 11.9. ಇನ್ವರ್ಟರಿನಲ್ಲಿ 10.2! ಬೀಪ್ ಶುರುವಾದದ್ದರಿಂದ ಬೇಗ ಆಫ್ ಮಾಡಿದೆ.

ಉಪ್ಪಳದ ವೈರ್‌ಮ್ಯಾನ್:
ನೋಡಿ, ಬ್ಯಾಟರಿ ಪಾಪ. 1.7 ವೋಲ್ಟ್ ದಾರಿಯಲ್ಲೇ ಹೋಗಿದೆ.

400 ವಾಟ್ ಲೋಡಿಗೆ, ಇನ್ವರ್ಟರಿನ ನಷ್ಟ ಸೇರಿಸಿದರೆ, ಬ್ಯಾಟರಿಯಿಂದ ಸುಮಾರು 45 ಆಂಪ್ ಬರುತ್ತಿದೆ. 230 ವೋಲ್ಟಿನಲ್ಲಿ ಎರಡು ಆಂಪೂ ಇಲ್ಲದ್ದು 12 ವೋಲ್ಟಿಗೆ ಬಂದಾಗ ಇಷ್ಟಾಗುತ್ತದೆ. ಇನ್ನೊಂದು ಕಿತಾಪತಿ ಏನೆಂದರೆ, ವೋಲ್ಟೇಜ್ ಇಳಿದಷ್ಟೂ ಇನ್ವರ್ಟರ್ ಜಾಸ್ತಿ ಆಂಪ್ ಎಳೆಯುತ್ತದೆ. ಜಾಸ್ತಿ ಎಳೆದರೆ ಮತ್ತೆ ಇಳಿಯುತ್ತದೆ.

4 ಸ್ಕ್ವೇರ್ ತಾಮ್ರದ ವೈರು ಮೂರು ಮೀಟರಿಗೆ 45 ಆಂಪಿನಲ್ಲಿ 0.6 ವೋಲ್ಟ್ ತಿನ್ನುತ್ತದೆ. ಉಳಿದ 1.1 ಎಲ್ಲಿ ಹೋಯಿತು? ತುಂಡು ತುಂಡಾಗಿ ಅಳೆಯಿರಿ. ಒಂದು ಪ್ರೋಬ್ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಇನ್ವರ್ಟರ್ ಮೈನಸ್ಸಿಗೆ. ಹಾಗೆಯೇ ಫ್ಯೂಸ್ ಹೋಲ್ಡರಿನ ಎರಡು ತುದಿಗೆ. ಸೊನ್ನೆಯ ಹತ್ತಿರ ಇರಬೇಕು. ಬಲ್ಬು ಉರಿಯುತ್ತಿರಲಿ.

ಕುಂಬಳೆಯಿಂದ ಹಳೆ ಗಾಡಿ:
ನಡುವೆ ಬಾಯಿ ಹಾಕುತ್ತೇನೆ. ಹೋಲ್ಡರನ್ನು ಬರಿಗೈಯಲ್ಲಿ ಹಿಡಿಯಬೇಡಿ. ನನ್ನ ಹೆಬ್ಬೆರಳಿನಲ್ಲಿ ಕಲೆ ಇನ್ನೂ ಇದೆ.

ಬದಿಯಡ್ಕ ಮೈಕ್‌ಸೆಟ್:
ಮೈನಸ್ ಕಡೆ 0.6. ಫ್ಯೂಸ್ ಹೋಲ್ಡರಿನಲ್ಲಿ 0.5. ಹೋಲ್ಡರಿನ ಪ್ಲಾಸ್ಟಿಕ್ ಒಂದು ಬದಿ ಮೆದುವಾಗಿ, ಕಾದ ಹಪ್ಪಳದ ಹಾಗೆ ಸುರುಟಿದೆ. ಬಾಡಿಯ ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಪೇಂಟು ಹಾಗೇ ಇದೆ, ಲಗ್ಗಿನ (ವೈರಿನ ತುದಿಯ ಲೋಹದ ಬಳೆ) ಸುತ್ತ ಹಸಿರು ಕಿಲುಬು.

ಉಪ್ಪಳದ ವೈರ್‌ಮ್ಯಾನ್:
0.5 ವೋಲ್ಟನ್ನು 45 ಆಂಪಿಗೆ ಗುಣಿಸಿ. 22 ವಾಟ್ ಆಯಿತು. ನಿಮ್ಮ ಸೋಲ್ಡರಿಂಗ್ ಐರನ್ 25 ವಾಟಿನದ್ದು ಇರಬಹುದು. ಹೆಚ್ಚುಕಡಿಮೆ ಅದನ್ನೇ ಹಚ್ಚಿ ಫ್ಯೂಸಿನೊಳಗೆ ಇಟ್ಟ ಹಾಗೆ. ಇನ್ವರ್ಟರ್ ಆಫ್ ಆದದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಮೊದಲು ಹೊಗೆ ಬರುತ್ತಿತ್ತು.

ಈಗ ಮಾಡಬೇಕಾದದ್ದು: 25 ಸ್ಕ್ವೇರ್ ವೆಲ್ಡಿಂಗ್ ಕೇಬಲ್ ತನ್ನಿ. ಕೊಳ್ಳುವ ಮೊದಲು ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬೇಡ. ಪ್ಲಸ್, ಮೈನಸ್ ಎರಡನ್ನೂ ನೇರ ಬ್ಯಾಟರಿಗೇ ಒಯ್ಯಿರಿ. ಬಾಡಿಯನ್ನು ನಂಬಬೇಡಿ. ನಮ್ಮ ಕಡಲ ಬದಿಯ ಉಪ್ಪುಗಾಳಿಗೆ ಒಂದು ಮಳೆಗಾಲದಲ್ಲೇ ಬೋಲ್ಟ್ ಹೋಗುತ್ತದೆ. ಲಗ್ಗನ್ನು ಸುತ್ತಿಗೆಯಲ್ಲಿ ಬಡಿಯಬೇಡಿ, ಹೈಡ್ರಾಲಿಕ್ ಕ್ರಿಂಪರ್ (ಲಗ್ಗನ್ನು ವೈರಿಗೆ ಒತ್ತಿ ಕೂರಿಸುವ ಉಪಕರಣ) ಇರುವವರ ಹತ್ತಿರ ಒತ್ತಿಸಿ. ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ.

ಫ್ಯೂಸ್ 80 ಆಂಪಿನದ್ದು, ಬೋಲ್ಟ್ ಹಾಕಿ ಬಿಗಿಯುವ ಬಗೆಯದ್ದು. ಬ್ಯಾಟರಿ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಇರಲಿ. ಫ್ಯೂಸ್ ಇನ್ವರ್ಟರನ್ನು ಕಾಯಲಿಕ್ಕಲ್ಲ, ವೈರು ಎಲ್ಲಾದರೂ ತಗಡಿಗೆ ಉಜ್ಜಿ ಶಾರ್ಟ್ ಆದರೆ ಗಾಡಿ ಸುಡದಿರಲಿಕ್ಕೆ. ಇನ್ವರ್ಟರಿನ ಹತ್ತಿರ ಇಟ್ಟರೆ ಆ ಮೂರು ಮೀಟರಿಗೆ ದಿಕ್ಕಿಲ್ಲ.

ಪೆರ್ಲದವ:
ಗುಂಯ್ ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ಇನ್ವರ್ಟರ್ ಮೇಲೆ ‘ಮಾಡಿಫೈಡ್ ಸೈನ್’ ಅಂತ ಬರೆದಿದೆಯಾ? ಇದ್ದರೆ ಅದರದ್ದೇ ಕೆಲಸ. ಅದರ ಅಲೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಆಂಪ್ಲಿಫೈಯರ್ ಅದನ್ನೇ ಹಾಡುತ್ತದೆ.

ಆದರೆ ಅದಕ್ಕಾಗಿ ಪ್ಯೂರ್ ಸೈನ್ (ನಯವಾದ ಅಲೆಯ) ಇನ್ವರ್ಟರ್ ತರುವ ಮೊದಲು ಆಂಪ್ಲಿಫೈಯರನ್ನು ತಿರುಗಿಸಿ ಹಿಂದೆ ನೋಡಿ. ಮೈಕ್‌ಸೆಟ್ಟಿನ ತುಂಬಾ ಆಂಪ್ಲಿಫೈಯರ್‌ಗಳಲ್ಲಿ 12 ವೋಲ್ಟ್ ಡಿಸಿ ಟರ್ಮಿನಲ್ ಇರುತ್ತದೆ. ಇದ್ದರೆ ಬ್ಯಾಟರಿಯಿಂದ ಬೇರೆ ಫ್ಯೂಸು, ಬೇರೆ ವೈರು ಹಾಕಿ ನೇರ ಕೊಡಿ. 12ನ್ನು 230 ಮಾಡಿ, ಅದನ್ನು ಆಂಪ್ಲಿಫೈಯರ್ ಒಳಗೆ ಮತ್ತೆ ಇಳಿಸುವುದು ಯಾಕೆ? ಹೊಳೆ ದಾಟಿ ವಾಪಸ್ ಬಂದ ಹಾಗೆ.

ಕುಂಬಳೆಯಿಂದ ಹಳೆ ಗಾಡಿ:
ನನ್ನದೂ ಒಂದು ಪ್ರಶ್ನೆ. ಇನ್ವರ್ಟರಿನ ನ್ಯೂಟ್ರಲನ್ನು ಗಾಡಿಯ ಬಾಡಿಗೆ ಕಟ್ಟಬೇಕು ಅಂತ ಒಬ್ಬರು ಹೇಳಿದರು. ಹೌದಾ?

ಉಪ್ಪಳದ ವೈರ್‌ಮ್ಯಾನ್:
ಪುಸ್ತಕದಲ್ಲಿ ಕಟ್ಟಿ ಅಂತ ಬರೆದಿದ್ದರೆ ಮಾತ್ರ. ಕಡಿಮೆ ಬೆಲೆಯ ಮಾಡಿಫೈಡ್ ಸೈನ್ ಇನ್ವರ್ಟರುಗಳಲ್ಲಿ ಎಷ್ಟೋ ಸಲ ಎರಡೂ ತೂತು ಲೈವ್ ಇರುತ್ತವೆ. ಕಟ್ಟಿದರೆ ಒಳಗಿನ ಮಾಸ್ಫೆಟ್ (ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್) ಹಾರಿಹೋಗುತ್ತದೆ. ಇನ್ವರ್ಟರಿನ ಹೊರಕವಚದ ಅರ್ತ್ ಸ್ಕ್ರೂವನ್ನು ಬಾಡಿಗೆ ಕಟ್ಟುವುದು ಬೇರೆ ವಿಷಯ, ಅದನ್ನು ಮಾಡಿ.

ಮತ್ತೆ, ಎರಡೂ ತುದಿಯಲ್ಲಿ ಗಂಡು ಪಿನ್ ಇರುವ ವೈರಿನಲ್ಲಿ ಸಭಾಭವನದ ಪ್ಲಗ್ಗಿಗೆ ಇನ್ವರ್ಟರ್ ಕೊಡುವವರನ್ನು ನೋಡಿದ್ದೇನೆ. ಅಂಥ ವೈರು ನಿಮ್ಮ ಗಾಡಿಯಲ್ಲಿದ್ದರೆ ಇವತ್ತೇ ಕತ್ತರಿಸಿ. ಕರೆಂಟು ವಾಪಸ್ ಬಂದ ಕ್ಷಣ ಇನ್ವರ್ಟರ್ ಸುಡುತ್ತದೆ. ಅದಕ್ಕಿಂತ ಮೊದಲು ಲೈನಿನಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದರೆ ಅವರ ಗತಿ ಏನು?

ಬದಿಯಡ್ಕ ಮೈಕ್‌ಸೆಟ್:
ಮುಗಿಯಿತು. ಕೇಬಲ್, ಫ್ಯೂಸ್, ಲಗ್ ಎಲ್ಲ ಹೊಸದು. ಅದೇ ನಾಲ್ಕು ಬಲ್ಬು ಹಾಕಿದೆ: ಬ್ಯಾಟರಿಯಲ್ಲಿ 12.0, ಇನ್ವರ್ಟರಿನಲ್ಲಿ 11.7. ಕಾಲು ಗಂಟೆ ಬಿಟ್ಟರೂ ಬೀಪ್ ಇಲ್ಲ. ಹೋಲ್ಡರ್ ಮುಟ್ಟಿದೆ (ಹೆದರುತ್ತಾ), ತಣ್ಣಗೆ ಇದೆ.

ಪೆರ್ಲದವರೇ, ಆಂಪ್ಲಿಫೈಯರ್ ಹಿಂದೆ ಧೂಳು ಒರೆಸಿದರೆ ಎರಡು ಟರ್ಮಿನಲ್, ಕೆಂಪು, ಕಪ್ಪು! ಆರು ವರ್ಷದಿಂದ ಹೊತ್ತು ತಿರುಗುತ್ತಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ. ನೇರ ಕೊಟ್ಟೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದ ಮೇಲೆ ಉಳಿದಿದ್ದ ಸ್ವಲ್ಪ ಗುಂಯ್ ಕೂಡ ಹೋಯಿತು. ಈಗ ಇನ್ವರ್ಟರಿಗೆ ಎರಡು ದೀಪ ಮಾತ್ರ.

ಈ ಶನಿವಾರ ನೀರ್ಚಾಲಿನಲ್ಲಿ ತಾಳಮದ್ದಳೆ. ಗಾಡಿಯ ಬ್ಯಾಟರಿಯನ್ನೇ ಎಷ್ಟು ಹೊತ್ತು ಹಿಂಡಬಹುದು?

ಉಪ್ಪಳದ ವೈರ್‌ಮ್ಯಾನ್:
ಎಂಜಿನ್ ಆಫ್ ಇದ್ದರೆ ಒಂದು ಗಂಟೆ. 60 ಎಎಚ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆಯಬೇಡಿ, ಸ್ಟಾರ್ಟಿಂಗ್ ಬ್ಯಾಟರಿ ಅದಕ್ಕೆ ಹುಟ್ಟಿದ್ದಲ್ಲ. ಆಮೇಲೆ ಎಂಜಿನ್ ಹಚ್ಚಿ. ಗಾಡಿಯನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುವುದನ್ನು ಮರೆಯಬೇಡಿ.