ಕಸದ ಗುಡ್ಡ ಹಿಗ್ಗಿಸೋ ಮೊದಲು ಏನು ಕೇಳಬೇಕು?

ಪ್ರಶ್ನೆ: ಹುಬ್ಬಳ್ಳಿ ಕಾರವಾರ ರಸ್ತೆಯ ಕಸದ ಗುಡ್ಡದಂಥಾ ಜಾಗಾ ಇನ್ನೂ ಹಿಗ್ಗಿಸಿದ್ರ ಬಾವಿ ನೀರು ಕೆಡತದೇನ್ರಿ? ಎರೆ ಭೂಮಿ, ನೀರು ಇಂಗಂಗಿಲ್ಲ ಅಂತಾರ.

ಉತ್ತರ 1: ಎರೆಮಣ್ಣು ಹಸಿ ಇದ್ದಾಗಷ್ಟೇ ನೀರು ತಡೀತದ. ಬ್ಯಾಸಿಗ್ಯಾಗ ಬಿರುಕು ಬಿಡ್ತದ. ಮೊದಲ ಮಳಿಗೇ ಕಸದ ರಸ ಆ ಸೀಳಿನ್ಯಾಗ ಇಳೀತದ. 2016ರ ಘನತ್ಯಾಜ್ಯ ನಿಯಮದಾಗ ತಳಕ್ಕ 90 ಸೆಂ.ಮೀ. ಒತ್ತಿದ ಜೇಡಿಮಣ್ಣು, ಅದರ ಮ್ಯಾಲೆ 1.5 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ ಅಂತ ಇತ್ತು. ಹಾಳೆಗೆ ಹಾಳೆ ಕೂಡಿಸಿದ ಬೆಸುಗೆಯೊಳಗೂ ಅದು ಕೈಕೊಡಬಹುದು. ಬೆಸುಗೆಯ ಪರೀಕ್ಷಾ ವರದಿ ಕೇಳ್ರಿ.

ಉತ್ತರ 2: ಅದೇ 2016ರ ನಿಯಮದಾಗ ಕಸದ ಜಾಗಾ ಮನೆಗಳಿಂದ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ ಇರಬೇಕು ಅಂತ ಇತ್ತು. ಹಳೇ ಗುಡ್ಡದಿಂದಲ್ಲ, ಹೊಸ ಅಂಚಿನಿಂದ ಅಳೀರಿ. ಅಲ್ಲೇ ಮೋಸ ಆಗೋದು.

ಉತ್ತರ 3: ಹಿಗ್ಗಿಸೋದು ಆಮ್ಯಾಲ, ಮೊದಲ ಹಳೇ ಕಸ ಅಗದು ಜರಡಿ ಹಿಡೀಲಿ. ಮಳಿಗಾಲದಾಗ ಮಾತ್ರ ಬ್ಯಾಡ್ರಿ, ಹಸಿ ಕಸ ಜರಡಿ ತೂತಿಗೆ ಮೆತ್ತತದ.