ಮಳೆಗಾಲದಲ್ಲಿ ಗೊಬ್ಬರದ ಬಕೆಟ್ ನಾರುತ್ತಿದೆ, ಏನು ಮಾಡಲಿ?

ಕೋಡಿಬಾಗದ ಅಕ್ಕ:
ಕಾರವಾರದಲ್ಲಿ ಬಾಡಿಗೆ ಮನೆ, ಮೊದಲ ಮಹಡಿ. 20 ಲೀಟರಿನ ಪೇಂಟ್ ಬಕೆಟ್ಟಿನ ತಳಕ್ಕೆ ತೂತು ಹೊಡೆದು, ಏಪ್ರಿಲ್‌ನಿಂದ ಬಾಲ್ಕನಿಯಲ್ಲಿ ಗೊಬ್ಬರ ಮಾಡುತ್ತಿದ್ದೇನೆ. ತರಕಾರಿ ಸಿಪ್ಪೆ, ಚಹಾ ಚರಟ ಹಾಕಿ ಮೇಲೆ ಬಾದಾಮಿ ಮರದ ಒಣ ಎಲೆ ಮುಚ್ಚುತ್ತಿದ್ದೆ. ಮೇ ಮುಗಿಯುವವರೆಗೆ ಒಂದು ಚೂರೂ ವಾಸನೆ ಇರಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು. ಒಣ ಎಲೆ ಎಲ್ಲಿಂದ ತರಲಿ? ಹಾಗೇ ಹಾಕುತ್ತಾ ಹೋದೆ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಬೋಟು ಕಡಲಿಗಿಳಿದವು, ನಮ್ಮನೆಗೆ ಬಂಗಡೆ ಬಂತು. ಮೀನಿನ ಗೊಬ್ಬರ ಗಿಡಕ್ಕೆ ಒಳ್ಳೆಯದು ಅಂತ ಕೇಳಿದ್ದೆ, ತಲೆ, ಕರುಳು ಎಲ್ಲ ಹಾಕಿಬಿಟ್ಟೆ. ಈಗ ಒಳಗೆಲ್ಲ ರಾಡಿ, ದಪ್ಪ ದಪ್ಪ ಹುಳ. ಕೆಳಗಿರುವ ಓನರ್ ಬಾಯಿ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.

ಶಿರಸಿ ತೋಟಿಗ:
ಮೀನಿನ ಸಂಗತಿ ನನ್ನನ್ನು ಕೇಳಬೇಡಿ ಅಕ್ಕಾ, ನಮ್ಮಲ್ಲಿ ತಿನ್ನುವುದಿಲ್ಲ. ಒಣ ಎಲೆ ಬಗ್ಗೆ ಹೇಳುತ್ತೇನೆ. ನಮ್ಮ ಕಡೆ ಬೇಸಿಗೆಯಲ್ಲೇ ಬೆಟ್ಟದಿಂದ ದರಕು (ಉದುರಿದ ಒಣ ಎಲೆ) ಗುಡಿಸಿ ತಂದು ರಾಶಿ ಹಾಕಿಡುತ್ತೇವೆ. ಮಳೆ ಬಂದ ಮೇಲೆ ಹುಡುಕಿದರೆ ಸಿಗುವುದು ಕೊಳೆತ ಎಲೆ, ಅದು ನೀರು ಹೀರುವುದಿಲ್ಲ.

ಮೊದಲು ಮೂಗಿಟ್ಟು ನೋಡಿ. ಕೊಟ್ಟಿಗೆಯ ಗಂಜಲದ ತರಹ ಮೂಗಿಗೆ ಹೊಡೆದರೆ ಸಾರಜನಕ ಜಾಸ್ತಿ ಆಗಿದೆ, ಅಮೋನಿಯಾ ಏಳುತ್ತಿದೆ. ಕೊಳೆತ ಮೊಟ್ಟೆ ತರಹ ನಾರಿದರೆ ನೀರು ತುಂಬಿ ಗಾಳಿ ಆಡುತ್ತಿಲ್ಲ. ಎರಡಕ್ಕೂ ಒಣದ್ದೇ ಮದ್ದು. ಹಸಿ ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಒಟ್ಟು ರಾಶಿಯಲ್ಲಿ ಸಾರಜನಕ 1 ಪಾಲಿದ್ದರೆ ಇಂಗಾಲ 25–30 ಪಾಲು ಬೇಕು ಅನ್ನುತ್ತಾರೆ. ಅಷ್ಟೆಲ್ಲ ಅಳೆಯಲು ಯಾರಿಗೆ ಪುರುಸೊತ್ತು? ಒಂದು ಬಟ್ಟಲು ಸಿಪ್ಪೆಗೆ ಎರಡು ಬಟ್ಟಲು ಒಣದ್ದು, ಸಾಕು. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಸರಿ, ಧಾರೆ ಸುರಿದರೆ ಇನ್ನೂ ಒಣದ್ದು ಬೇಕು.

ಕುಮಟಾ ಮನೆ:
ಅಕ್ಕಾ, ಹುಳ ಕಂದು ಬಣ್ಣಕ್ಕಿದ್ದು ಚಪ್ಪಟೆಯಾಗಿದ್ದರೆ ಅದು ಕಪ್ಪು ಸೈನಿಕ ನೊಣದ ಮರಿ. ಏನೂ ಮಾಡುವುದಿಲ್ಲ, ಬೇಗ ತಿಂದು ಮುಗಿಸುತ್ತದೆ. ದೊಡ್ಡ ನೊಣವಾದ ಮೇಲೂ ಮನೆ ನೊಣದ ಹಾಗೆ ಅನ್ನದ ಮೇಲೆ ಬಂದು ಕೂರುವುದಿಲ್ಲ. ಕೋಳಿ ಸಾಕಿದವರಿದ್ದರೆ ಕೊಡಿ, ಕುಣಿದಾಡಿಕೊಂಡು ತಿನ್ನುತ್ತವೆ.

ಆದರೆ ಬಂಗಡೆ ಬಕೆಟ್ಟಿಗೆ ಬೇಡ ಮಾರಾಯ್ರೆ! ನಾವು ತೆಂಗಿನ ಬುಡದಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು ಹುಗಿಯುತ್ತೇವೆ. ಒಂದು ಸಲ ಅರ್ಧ ಅಡಿಗೇ ಮುಚ್ಚಿದ್ದೆ, ಬೆಳಿಗ್ಗೆ ನೋಡಿದರೆ ಅಂಗಳದ ತುಂಬ ಮೀನಿನ ತಲೆ, ನಾಯಿಗಳ ಕೆಲಸ. ಒಣದ್ದಕ್ಕೆ ತೆಂಗಿನ ನಾರಿನ ಪುಡಿ ಆಗುತ್ತದೆ. ಮೊಟ್ಟೆ ಟ್ರೇ ಹರಿದು ಹಾಕಿ. ಬಡಗಿ ಹತ್ತಿರ ಮರದ ಪುಡಿ ಕೇಳಿ, ಪ್ಲೈವುಡ್ ಕೊಯ್ದ ಪುಡಿ ಮಾತ್ರ ಬೇಡ, ಅದರಲ್ಲಿ ಅಂಟು ಇರುತ್ತದೆ.

ಕೋಡಿಬಾಗದ ಅಕ್ಕ:
ಹತ್ತು ದಿನ ಆಯ್ತು. ಎಲ್ಲ ಹಳೇ ಟಬ್ಬಿಗೆ ಸುರಿದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಆರು ಮೊಟ್ಟೆ ಟ್ರೇ ಮತ್ತು ಅರ್ಧ ಚೀಲ ಮರದ ಪುಡಿ ಕಲಸಿದೆ. ಎರಡು ಬಕೆಟ್ ಆಯ್ತು. ಗಂಜಲದ ವಾಸನೆಯೇ ಇತ್ತು, ನಾಲ್ಕನೇ ದಿನಕ್ಕೆ ಹೋಯಿತು. ಹುಳ ಇವೆ, ಇರಲಿ. ಬಾದಾಮಿ ಎಲೆಗೆ ಅಂತ ಎರಡು ಗೋಣಿ ಚೀಲ ಈಗಲೇ ತೆಗೆದಿಟ್ಟಿದ್ದೇನೆ. ಓನರ್ ಬಾಯಿ ಇನ್ನೂ ಮಾತಾಡಿಲ್ಲ.