ಭಾನುವಾರ 9.4, ಮುಂದಿನ ಭಾನುವಾರ 7.3: ರೀಫ್ ಟ್ಯಾಂಕಿನ ಆಲ್ಕಲಿನಿಟಿ ಒಂದೆಡೆ ನಿಲ್ಲುತ್ತಿಲ್ಲ

ಪ್ರಶ್ನೆ

ನನ್ನ ರೀಫ್ ಟ್ಯಾಂಕಿನಲ್ಲಿ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಕಲ್ಲು, ಮರಳು ಕಳೆದು, ಸಂಪ್ (ಉಪಕರಣಗಳಿರುವ ಜೋಡಿ ತೊಟ್ಟಿ) ಸೇರಿ 240 ಲೀಟರ್ ನೀರು. ಯೂಫಿಲಿಯಾ, ಮಾಂಟಿಪೊರಾ, ಎರಡು ಚಿಕ್ಕ ಆಕ್ರೊಪೊರಾ ಹವಳಗಳಿವೆ. ದಿನಕ್ಕೆ 3 ಲೀಟರ್‌ನಷ್ಟು ಆವಿಯಾಗುತ್ತದೆ, ಆಟೋ ಟಾಪ್-ಆಫ್ ಡಬ್ಬಿಯಿಂದ ಸಿಹಿನೀರು ತಾನಾಗಿ ತುಂಬಿಕೊಡುತ್ತದೆ. ಪ್ರತಿ ಭಾನುವಾರ ರಾತ್ರಿ 12 ಗ್ರಾಂ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) ಕರಗಿಸಿ ಸಂಪಿನಲ್ಲಿ ಹೀಟರ್ ಇರುವ ಕಡೆ ಸುರಿಯುತ್ತೇನೆ.

ಆಲ್ಕಲಿನಿಟಿ (ಹವಳಗಳು ಅಸ್ಥಿ ಕಟ್ಟಲು ಬಳಸುವ ಕಾರ್ಬೊನೇಟ್‌ಗಳ ಅಳತೆ) ಡಿಕೆಎಚ್ ಡಿಗ್ರಿಗಳಲ್ಲಿ ಹೀಗಿದೆ: ಭಾನುವಾರ ಹಾಕುವ ಮುಂಚೆ 7.3, ಎರಡು ಗಂಟೆ ಬಿಟ್ಟು 9.4, ಸೋಮವಾರ ರಾತ್ರಿ 8.7, ಗುರುವಾರ ರಾತ್ರಿ 8.0, ಭಾನುವಾರ ಮತ್ತೆ 7.3. ಕ್ಯಾಲ್ಸಿಯಂ 380, ಮೆಗ್ನೀಸಿಯಂ 1180 ಪಿಪಿಎಂ. ಪಿಎಚ್ ಬೆಳಿಗ್ಗೆ 7.8, ರಾತ್ರಿ 8.05. ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು). ರಿಫ್ರಾಕ್ಟೋಮೀಟರನ್ನು (ಬೆಳಕು ಬಾಗುವುದರಿಂದ ಲವಣಾಂಶ ಅಳೆಯುವ ಉಪಕರಣ) ಆರ್‌ಒ ನೀರಿನಲ್ಲಿ ಸೊನ್ನೆಗೆ ತಂದೇ ಅಳೆದಿದ್ದೇನೆ. ಹೀಟರ್ ಮೇಲೆ ಬಿಳಿ ಪದರ ಕಟ್ಟಿದೆ, ಆಕ್ರೊಪೊರಾದ ತುದಿಗಳು ಬೆಳ್ಳಗಾಗುತ್ತಿವೆ. ಮೆಗ್ನೀಸಿಯಂ ಹಾಕಬೇಕೇ? ಪಿಎಚ್ ಬಫರ್ ಬೇಕೇ?

ಉತ್ತರ 1

ಮೆಗ್ನೀಸಿಯಂ ಕೊಳ್ಳುವ ಮುನ್ನ ಲವಣಾಂಶ ನೋಡಿ. 35 ಪಿಪಿಟಿ ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ 415, ಮೆಗ್ನೀಸಿಯಂ 1290ರ ಆಸುಪಾಸಿನಲ್ಲಿರುತ್ತದೆ. ನಿಮ್ಮಲ್ಲಿ ಎರಡೂ ಒಂದೇ ಪ್ರಮಾಣದಲ್ಲಿ, ಶೇಕಡಾ ಎಂಟೂವರೆಯಷ್ಟು, ತಗ್ಗಿವೆ. ಹವಳಗಳು ಮೆಗ್ನೀಸಿಯಂ ಬಳಸುವುದು ತೀರಾ ಕಡಿಮೆ. ಅದು ಕ್ಯಾಲ್ಸಿಯಂ ಜೊತೆಜೊತೆಗೇ ಇಳಿದಿದೆ ಎಂದರೆ ನೀರೇ ತೆಳುವಾಗಿದೆ. ನನ್ನ ಲೆಕ್ಕಕ್ಕೆ ನಿಮ್ಮದು 32 ಪಿಪಿಟಿ.

ಆರ್‌ಒ ನೀರಿನಲ್ಲಿ ಸೊನ್ನೆ ಸರಿ ಬಂದ ಮಾತ್ರಕ್ಕೆ 35ರ ಗೆರೆಯೂ ಸರಿ ಎಂದಾಗುವುದಿಲ್ಲ. ಅಳೆಯುವ ಜಾಗದಲ್ಲೇ ಉಪಕರಣವನ್ನು ಹೊಂದಿಸಬೇಕು. 35 ಪಿಪಿಟಿ ಮಾಪನ ದ್ರಾವಣ ಸಿಗದಿದ್ದರೆ 963.5 ಗ್ರಾಂ ಆರ್‌ಒ ನೀರಿಗೆ 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್ ಕರಗಿಸಿ. ಬೆಳಕನ್ನು ಬಾಗಿಸುವುದರಲ್ಲಿ ಅದು 35 ಪಿಪಿಟಿ ಸಮುದ್ರದ ನೀರಿಗೆ ಸಮ. 36.5 ಅಂದದ್ದು ಕೈತಪ್ಪಲ್ಲ: ಬರೀ ಉಪ್ಪಿನ ನೀರು ಬೆಳಕನ್ನು ಸಮುದ್ರದ ನೀರಿಗಿಂತ ತುಸು ಕಡಿಮೆ ಬಾಗಿಸುತ್ತದೆ.

ಪ್ರಶ್ನೆ ಕೇಳಿದವರು

ದ್ರಾವಣ ಹಾಕಿ ನೋಡಿದೆ, ಉಪಕರಣ 38 ತೋರಿಸಿತು. ಸರಿಪಡಿಸಿ ಅಳೆದರೆ ಟ್ಯಾಂಕ್ 32. ಒಂದೇ ಸಲ ಉಪ್ಪು ಬೆರೆಸಿ ಸರಿ ಮಾಡಬಹುದೇ?

ಉತ್ತರ 1

ಬೇಡ. ಟಾಪ್-ಆಫ್ ಡಬ್ಬಿಗೆ ಒಂದು ವಾರ ಸಿಹಿನೀರಿನ ಬದಲು 35 ಪಿಪಿಟಿ ಉಪ್ಪುನೀರು ತುಂಬಿ. ದಿನಕ್ಕೆ 3 ಲೀಟರ್ ಎಂದರೆ 105 ಗ್ರಾಂ ಲವಣ. ಏಳು ದಿನಕ್ಕೆ 735 ಗ್ರಾಂ. 240 ಲೀಟರಿಗೆ ಅದು 3 ಪಿಪಿಟಿ ಏರಿಕೆ, ದಿನಕ್ಕೆ ಅರ್ಧ ಪಿಪಿಟಿಯೂ ಇಲ್ಲ. ಏಳನೇ ದಿನ ಅಳೆದು, 35 ಮುಟ್ಟಿದ್ದರೆ ತಪ್ಪದೆ ಸಿಹಿನೀರಿಗೆ ಮರಳಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರೊಟ್ಟಿಗೆ ತಾವೇ ಮೇಲೆ ಬರುತ್ತವೆ.

ಉತ್ತರ 2

ಇನ್ನು ಭಾನುವಾರದ ವಿಷಯ. ನಿಮ್ಮ ಅಂಕಿಗಳೇ ಎಲ್ಲವನ್ನೂ ಹೇಳುತ್ತಿವೆ. 240 ಲೀಟರಿಗೆ 12 ಗ್ರಾಂ ಸೋಡಾ ಆ್ಯಶ್ ಹಾಕಿದರೆ 2.6 ಡಿಕೆಎಚ್ ಏರಬೇಕು. ಏರಿದ್ದು 2.1. ಮರುದಿನವೇ 0.7 ಇಳಿದಿದೆ. ಆಮೇಲೆ ಮೂರು ದಿನಕ್ಕೆ 0.7, ಮತ್ತೆ ಮೂರು ದಿನಕ್ಕೆ 0.7. ಹವಳಗಳ ನಿಜವಾದ ಬಳಕೆ ಈ ನಿಧಾನದ ಇಳಿತ: ದಿನಕ್ಕೆ 0.23. ಮೊದಲ ದಿನ ಕಾಣೆಯಾದ ಉಳಿದ ಸುಮಾರು 1 ಡಿಕೆಎಚ್‌ನಲ್ಲಿ ಬಹುಪಾಲು ಹೀಟರ್ ಮೇಲಿದೆ. ಹೀಟರಿನ ಸ್ವಿಚ್ ತೆಗೆದು, ಆರಿದ ಮೇಲೆ ಆ ಪದರವನ್ನು ಉಗುರಿನಿಂದ ಕೆರೆದು ನೋಡಿ: ಕಾಯಿಸಿ ಕಾಯಿಸಿ ಹಂಡೆಯ ತಳದಲ್ಲಿ ಕಟ್ಟುವ ಕಿಟ್ಟದಂತೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ವಿನಿಗರ್ ಹನಿಸಿದರೆ ನೊರೆ ಬರುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಹಾಗೆ ಗಟ್ಟಿಯಾದ ಪ್ರತಿ 1 ಡಿಕೆಎಚ್ ತನ್ನ ಜೊತೆ 7 ಪಿಪಿಎಂ ಕ್ಯಾಲ್ಸಿಯಂ ಕೊಂಡೊಯ್ಯುತ್ತದೆ.

ಹೀಗಾಗಲು ಕಾರಣ ಮೂರು. ಗಟ್ಟಿ ದ್ರಾವಣ ಸುರಿದ ಜಾಗದಲ್ಲಿ ಆ ಕ್ಷಣಕ್ಕೆ ಪಿಎಚ್ ವಿಪರೀತ ಏರುತ್ತದೆ. ಬಿಸಿ ಮೇಲ್ಮೈಯಲ್ಲಿ ಕಾರ್ಬೊನೇಟ್ ಕರಗಿರುವುದು ಕಷ್ಟ. ಮೂರನೆಯದು ಮೆಗ್ನೀಸಿಯಂ: ಹುಟ್ಟುತ್ತಿರುವ ಹರಳಿನ ಮೈಗೆ ಅಂಟಿಕೊಂಡು ಬೆಳವಣಿಗೆ ತಡೆಯುವುದೇ ಅದು, ನಿಮ್ಮಲ್ಲಿ ಅದೂ ತಗ್ಗಿತ್ತು.

ಸುರಿಯುವುದನ್ನು ಬಿಟ್ಟು, ದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ ತಾನೇ ಹಾಕುವ ಡೋಸಿಂಗ್ ಪಂಪ್ ಹಾಕಿ. ಎರಡು ಬಾಟಲಿ ಮಾಡಿಕೊಳ್ಳಿ. ಒಂದರಲ್ಲಿ 45 ಗ್ರಾಂ ಸೋಡಾ ಆ್ಯಶ್ ಕರಗಿಸಿ ಒಟ್ಟು 1 ಲೀಟರ್ ಮಾಡಿ. ಇನ್ನೊಂದರಲ್ಲಿ 63 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್, ಅದೂ 1 ಲೀಟರಿಗೆ. ಕರಗುವಾಗ ಬಿಸಿಯಾಗುತ್ತದೆ, ಆರಲು ಬಿಡಿ. ನಿಮ್ಮ 240 ಲೀಟರಿಗೆ ಮೊದಲನೆಯದರ 1 ಮಿ.ಲೀ. ಸರಿಯಾಗಿ 0.01 ಡಿಕೆಎಚ್, ಎರಡನೆಯದರ 1 ಮಿ.ಲೀ. ಅದಕ್ಕೆ ಜೋಡಿಯಾಗುವ ಕ್ಯಾಲ್ಸಿಯಂ. ಹಾಗಾಗಿ ಎರಡನ್ನೂ ದಿನಕ್ಕೆ 23 ಮಿ.ಲೀ. ಹಾಕಿದರೆ ಲೆಕ್ಕ ಮುಗಿಯಿತು. ಹನ್ನೆರಡು ಪಾಲು ಮಾಡಿ: ಆಲ್ಕಲಿನಿಟಿ ಸಮ ಗಂಟೆಗಳಲ್ಲಿ, ಕ್ಯಾಲ್ಸಿಯಂ ಬೆಸ ಗಂಟೆಗಳಲ್ಲಿ. ಕೊಳವೆಯ ತುದಿ ಹೀಟರಿನಿಂದ ದೂರ, ನೀರು ಜೋರಾಗಿ ಹರಿಯುವಲ್ಲಿ, ಮೇಲ್ಮೈಗಿಂತ ಮೇಲಿರಲಿ. ಮುಳುಗಿದ ತುದಿಯಲ್ಲಿ ಅದೇ ಕಿಟ್ಟ ಕಟ್ಟಿ ಕೊಳವೆ ಮುಚ್ಚಿಹೋಗುತ್ತದೆ.

8.0 ಇರುವ ದಿನ ಶುರುಮಾಡಿ, ಅಲ್ಲೇ ಹಿಡಿಯಿರಿ. ಉಪ್ಪುನೀರು ತುಂಬುವ ವಾರದಲ್ಲಿ ಉಪ್ಪೇ ಒಂದಿಷ್ಟು ಆಲ್ಕಲಿನಿಟಿ ತರುತ್ತದೆ, ಆದ್ದರಿಂದ ದಿನವೂ ಒಂದೇ ಹೊತ್ತಿಗೆ ಪರೀಕ್ಷಿಸಿ. ಮೇಲೇರಿದರೆ ಡೋಸ್ ಇಳಿಸಿ. ತುದಿ ಬೆಳ್ಳಗಾಗಿರುವ ಆಕ್ರೊಪೊರಾಗೆ 8 ಒಳ್ಳೆಯದೋ 9 ಒಳ್ಳೆಯದೋ ಎಂಬ ಚರ್ಚೆಗಿಂತ ವಾರಕ್ಕೊಮ್ಮೆ ಎರಡು ಡಿಗ್ರಿ ಜಿಗಿಯುವುದು ನಿಲ್ಲಬೇಕು.

ಮುಂದೆ ಎಂದಾದರೂ ಅದೇ ಡೋಸಿಗೆ ಆಲ್ಕಲಿನಿಟಿ ತಾನಾಗಿ ಏರತೊಡಗಿದರೆ ಹವಳ ಅಸ್ಥಿ ಕಟ್ಟುವುದನ್ನು ನಿಲ್ಲಿಸಿದೆ ಎಂದರ್ಥ. ಮೊದಲು ಡೋಸ್ ತಗ್ಗಿಸಿ, ಆಮೇಲೆ ಲವಣಾಂಶ, ತಾಪಮಾನ, ನೈಟ್ರೇಟ್, ಫಾಸ್ಫೇಟ್ ನೋಡಿ. ಫಾಸ್ಫೇಟ್ ಪೂರ್ತಿ ಸೊನ್ನೆಗಿಳಿದರೂ ಹೀಗಾಗುತ್ತದೆ.

ಉತ್ತರ 3

ಪಿಎಚ್ ಬಫರ್ ಖಂಡಿತ ಬೇಡ. ಅದರಲ್ಲಿರುವುದೂ ಆಲ್ಕಲಿನಿಟಿಯೇ. ಬೆಳಿಗ್ಗೆ 7.8 ಬರುವುದು ಸಾಮಾನ್ಯವಾಗಿ ಕೋಣೆಯ ಕಾರ್ಬನ್ ಡೈಆಕ್ಸೈಡ್‌ನಿಂದ. ಒಂದು ಲೋಟ ಟ್ಯಾಂಕಿನ ನೀರನ್ನು ಮನೆಯ ಹೊರಗಿಟ್ಟು ಏರ್‌ಸ್ಟೋನ್‌ನಿಂದ ಒಂದು ಗಂಟೆ ಗಾಳಿ ಹಾಯಿಸಿ, ಪಿಎಚ್ ಅಳೆಯಿರಿ. 8.1 ದಾಟಿದರೆ ದೋಷ ಗಾಳಿಯದು. ಸ್ಕಿಮ್ಮರಿನ (ಗಾಳಿಗುಳ್ಳೆಗಳಿಂದ ಕೊಳೆ ತೆಗೆಯುವ ಉಪಕರಣ) ಗಾಳಿ ಕೊಳವೆಯನ್ನು ಕಿಟಕಿಯಾಚೆ ಬಿಡಿ.

ಡೋಸಿಂಗ್ ಪಂಪ್ ಬೇಡವೆಂದರೆ ಟಾಪ್-ಆಫ್ ಡಬ್ಬಿಯಲ್ಲಿ ಸುಣ್ಣದ ತಿಳಿನೀರೂ ಆಗುತ್ತದೆ. ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡನ್ನೂ ತಕ್ಕ ಪ್ರಮಾಣದಲ್ಲೇ ಕೊಡುತ್ತದೆ, ಪಿಎಚ್ ಕೂಡ ಎತ್ತುತ್ತದೆ. ಆದರೆ ಲೀಟರಿಗೆ 1.5 ಗ್ರಾಂನಷ್ಟು ಕರಗಿರುವ ಪೂರ್ಣ ದ್ರಾವಣ 3 ಲೀಟರ್ ಹೋದರೆ ದಿನಕ್ಕೆ 1.4 ಡಿಕೆಎಚ್, ನಿಮಗೆ ಆರು ಪಟ್ಟು ಹೆಚ್ಚು. ಲೀಟರಿಗೆ 0.25 ಗ್ರಾಂ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸಾಕು. ಉಪ್ಪುನೀರು ತುಂಬುವ ವಾರದಲ್ಲಿ ಮಾತ್ರ ಇದನ್ನು ಡಬ್ಬಿಗೆ ಹಾಕಲೇಬೇಡಿ, ಮೆಗ್ನೀಸಿಯಂ ಬೆಳ್ಳಗೆ ಒಡೆದು ತಳಕ್ಕಿಳಿಯುತ್ತದೆ.